ಮಾಸ್ತರರ ಕೊಲೆಗಾರ

ಬುರ್ಹಾನುದ್ದೀನ್ ಮಾಸ್ತರರು ಕಮಲಾಪುರದ ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು. ಅವರ ಕಣ್ಣು ಪೂರ್ತಿ ಹೋದ ಮೇಲೆ ಪ್ರತಿ ರವಿವಾರ ಕಲಬುರಗಿಯಿಂದ ಬಸ್ಸು ಹಿಡಿದು ಹೋಗಿ ಅವರಿಗೆ ಕಾದಂಬರಿ ಓದಿ ಹೇಳುತ್ತಿದ್ದೆ. ಅದೂ ಹಳೇ ಕಾಲದ ಪತ್ತೇದಾರ ದಿಗಂಬರರಾಯನದೇ ಆಗಬೇಕು. ಕರಿ ಕೋಟು, ಕೊಡೆ, ನಶ್ಯದ ಡಬ್ಬಿ. ಕೊನೆಯ ಅಧ್ಯಾಯದಲ್ಲಿ ಮನೆಮಂದಿಯನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿ "ಕೊಲೆಗಾರರು ಇಲ್ಲೇ ಇದ್ದಾರೆ" ಎನ್ನುವ ಆಸಾಮಿ. ಆ ಮಾತು ಬಂದ ಕೂಡಲೇ ಮಾಸ್ತರರು ಕೈ ಎತ್ತಿ ನನ್ನನ್ನು ತಡೆದು, ಕೊಲೆಗಾರನ ಹೆಸರು ತಾವೇ ಹೇಳಿಬಿಡುತ್ತಿದ್ದರು. ಒಮ್ಮೆಯೂ ತಪ್ಪಿದ್ದಿಲ್ಲ. ನನ್ನ ಊಹೆ ಒಮ್ಮೆಯೂ ಸರಿಹೋಗಿದ್ದಿಲ್ಲ. ಹೊಟ್ಟೆಕಿಚ್ಚು ಇತ್ತು, ಸುಳ್ಳೇಕೆ ಹೇಳಲಿ.

ಆ ದಿನ ಓದುತ್ತಿದ್ದುದು ಕಲಬುರಗಿಯ ರೋಜಾ ಬಡಾವಣೆಯ ರದ್ದಿ ಅಂಗಡಿಯಲ್ಲಿ ಸಿಕ್ಕ ಪುಸ್ತಕ. ಮಾಸ್ತರರು ಕೈ ಎತ್ತಿದರು.

"ವಕೀಲ ಅದಾನ ನೋಡ್ ಮಂಜುಷಾ. ಗಡಿಯಾರದ ಟೈಮ್ ಸುಳ್ಳ ಹೇಳ್ಯಾನ."

ಹಾಳೆ ತಿರುವಿದೆ. ಮುಂದಿನ ಪುಟಗಳು ಹರಿದುಹೋಗಿದ್ದವು. ಹಾಗೆಂದು ಹೇಳಿದ್ದರೆ ಮುಗಿಯುತ್ತಿತ್ತು. ಒಂದು ಸಲವಾದರೂ ಇವರು ಸೋಲಲಿ ಎಂದು ಇಲ್ಲದ ಹಾಳೆಯನ್ನು ಓದತೊಡಗಿದೆ. ಕೊಲೆಯನ್ನು ಅಡುಗೆಯವಳ ತಲೆಗೆ ಕಟ್ಟಿದೆ. "ಈ ಸಲ ಸೋತ್ರಿ ಸರ್!" ಎಂದು ಚಪ್ಪಾಳೆ ಬೇರೆ ತಟ್ಟಿದೆ. ಮಾಸ್ತರರು ನಗಲಿಲ್ಲ.

ಮುಂದಿನ ಎರಡು ರವಿವಾರ ನನಗೆ ಹೋಗಲಾಗಲಿಲ್ಲ. ಆಮೇಲೆ ಅವರ ಸೊಸೆ ಮುಬಶ್ಶಿರಾ ಫೋನ್ ಮಾಡಿದಳು.

"ನಮ್ಮ ಅಬ್ಬಾ ಟ್ಯೂಷನ್ ಬಂದ್ ಮಾಡ್ಯಾರ ಅಕ್ಕಾ. ಮರೆವಿನ ಬ್ಯಾನಿ ಸುರು ಆಗ್ಯದ ಅಂತ ದವಾಖಾನ್ಯಾಗ ಮೊದಲೇ ಹೇಳಿದ್ರು, ಅಬ್ಬಾನೇ ಒಪ್ಪಿದ್ದಿಲ್ಲ. ಈಗ, ಕೊಲಿ ಮಾಡಿದಾಕಿ ಅಡಗಿಯಾಕಿ ಅಂತ ನನಗ ತಿಳೀಲಿಲ್ಲ, ತಲಿ ಹೋಯ್ತು, ಮಕ್ಕಳಿಗಿ ಏನ್ ಲೆಕ್ಕ ಹೇಳ್ಲಿ ಅಂತಾರ."

ಕಣ್ಣಿಲ್ಲದೆಯೂ ಹತ್ತನೇ ತರಗತಿಯ ಮಕ್ಕಳಿಗೆ ಬಾಯಲ್ಲೇ ಬೀಜಗಣಿತ ಬಿಡಿಸಿ ಕೊಡುತ್ತಿದ್ದ ಮನುಷ್ಯರು. ನನ್ನ ಹುಡುಗಾಟಕ್ಕೆ ನಾನೇ ಛೀಮಾರಿ ಹಾಕಿಕೊಂಡೆ. ಊರೆಲ್ಲ ಜಾಲಾಡಿದ ಮೇಲೆ ಮೋಮಿನಪುರದಲ್ಲಿ ಪುಸ್ತಕಕ್ಕೆ ಬೈಂಡ್ ಹಾಕುವ ಒಬ್ಬರ ಬಳಿ ಪೂರ್ತಿ ಪ್ರತಿ ಸಿಕ್ಕಿತು. ಅಲ್ಲೇ ನಿಂತು ಕೊನೆಯ ಅಧ್ಯಾಯ ಓದಿದೆ. ಕೊಲೆಗಾರ ವಕೀಲನೇ. ಸಿಕ್ಕಿಬಿದ್ದದ್ದೂ ಗಡಿಯಾರದಿಂದಲೇ.

ಮರುದಿನವೇ ಕಮಲಾಪುರಕ್ಕೆ ಹೋಗಿ ಮಾಸ್ತರರ ಮುಂದೆ ಕೂತು ಎಲ್ಲ ಹೇಳಿದೆ. "ತಪ್ಪಾಯ್ತು ಸರ್, ನಿಮ್ಮ ಮಾತೇ ಖರೆ ಇತ್ತು" ಎಂದು ಅತ್ತೆ. ಆಮೇಲೆ ನಿಜವಾದ ಅಧ್ಯಾಯವನ್ನು ಒಂದಕ್ಷರ ಬಿಡದೆ ಓದಿದೆ.

ಮಾಸ್ತರರು ಮುಗುಳ್ನಕ್ಕರು. "ಶಾಣೇಕಿ ಅದಿ. ಮುದುಕಗ ಗೆಲಸಲಾಕ ಎಷ್ಟ್ ಚಂದ ಕತಿ ಕಟ್ಟಿ."

"ಇಲ್ರೀ ಸರ್, ಇದರಾಗ ಅಚ್ಚಾಗ್ಯದ!" ಎಂದು ಪುಸ್ತಕವನ್ನು ಮುಬಶ್ಶಿರಾಳ ಕೈಗೆ ಕೊಟ್ಟೆ. ಅವಳೂ ಅದನ್ನೇ ಓದಿದಳು.

"ಇಬ್ಬರೂ ಕೂಡಿ ಹೇಳಲತ್ತೀರಿ," ಎಂದು ಮಾಸ್ತರರು ತಡಕಾಡಿ ನನ್ನ ತಲೆ ಹುಡುಕಿ, ಅದರ ಮೇಲೆ ಕೈ ಇಟ್ಟರು. "ನನ್ನ ಸಮಾಧಾನಕ್ಕ ನೀ ಸುಳ್ಳ ಓದಬಹುದು ಬೇಟಿ. ನನಗ ಸೋಲಿಸಲಾಕ ಸುಳ್ಳ ಓದಾಕಿ ಅಲ್ಲ ನೀ."