ಕಿಟಕಿಗೆ ಹಿಡಿದ ಗಾಜು

ಅವರು ಯಾವ ಪ್ರಶ್ನೆಗೂ ನೇರವಾಗಿ ಹೌದೆಂದವರಲ್ಲ. ಊಟವಾಯಿತೇ ಎಂದರೆ ‘ಆದ ಹಾಗಿದೆ’ ಎನ್ನುವರು. ಮಗಳ ಮದುವೆಯಾಯಿತಂತಲ್ಲ ಎಂದರೆ, ಆ ಮದುವೆಯಲ್ಲಿ ಓಡಾಡಿ ಕಾಲು ಊದಿಸಿಕೊಂಡವರು ತಾವೇ ಆಗಿದ್ದರೂ, ‘ಹಾಗೇ ಕಾಣುತ್ತೆ’ ಎನ್ನುವರು. ಬಾಗಿಲಿಗೆ ಬಂದ ತರಕಾರಿಯವಳು ಬದನೆಕಾಯಿ ಬೇಕೇ ಎಂದಾಗ ‘ಬೇಕಾದ ಹಾಗಿದೆ, ಒಳಗೆ ಕೇಳಿ ಹೇಳ್ತೀನಿ’ ಎಂದು ಹೋದವರು ತಿರುಗಿ ಬರಲೇ ಇಲ್ಲವಂತೆ. ಮನುಷ್ಯರ ಒಡಲಿನಿಂದ ಕಿತ್ತು ತಂದ ಉಗುರಿನಷ್ಟು ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಇದು ಕೇಡಿನದೋ ಅಲ್ಲವೋ ಎಂದು ಬರೆದುಕೊಡುವ ಪೆಥಾಲಜಿ ವೈದ್ಯರಿಗೆ ಈ ಗುಣ ಸಹಜವೇ ಇರಬೇಕು; ಅವರು ಹೌದೆಂದರೆ ಯಾರದೋ ಹೊಟ್ಟೆಗೆ ಕತ್ತರಿ, ಅಲ್ಲವೆಂದರೆ ಯಾರದೋ ಆಯುಷ್ಯಕ್ಕೆ. ಆದರೆ ಬದನೆಕಾಯಿಯ ವಿಷಯದಲ್ಲೂ ಅಷ್ಟೊಂದು ಸಂಯಮ ಬೇಕಿತ್ತೇ ಎಂದು ಅವರ ಹೆಂಡತಿ ಕೇಳುವುದರಲ್ಲಿ ನ್ಯಾಯವಿದೆ. ಆಸ್ಪತ್ರೆಗಳಿಗೆ ಗಾಜು, ಬಣ್ಣ, ಮೈಕ್ರೋಸ್ಕೋಪು ಮಾರುವ ನನ್ನಂಥವನಿಗೆ ಇಂಥ ಗಿರಾಕಿ ದೊರೆಯುವುದು ಪೂರ್ವಜನ್ಮದ ಕರ್ಮಫಲ. ಪಾಪದ್ದೋ ಪುಣ್ಯದ್ದೋ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಅವರ ಬಿಳಿ ಕೋಟು ಬಿಳಿಯಾಗಿದ್ದುದನ್ನು ಕಂಡವರಿಲ್ಲ. ಜೀವಕೋಶಗಳಿಗೆ ಹಾಕುವ ನೇರಳೆ, ಗುಲಾಬಿ ಬಣ್ಣಗಳು ಅದರ ತೋಳಂಚಿನಲ್ಲಿ ಕಾಯಂ ಬಿಡಾರ ಹೂಡಿದ್ದರಿಂದ ಮನೆಯ ಉಳಿದ ಬಟ್ಟೆಗಳೊಡನೆ ಅದಕ್ಕೆ ಪಂಕ್ತಿಭೇದವಿತ್ತು. ಅದರದೇ ಬಕೆಟ್ಟು, ಅದರದೇ ಹಗ್ಗ. ನಡಿಗೆಯೂ ಕಸುಬಿನದೇ. ಚೂರು ಅಂಟಿಸಿದ ಗಾಜಿನ ಸ್ಲೈಡನ್ನು ಅವರು ಹೊಲ ಉಳುವವನಂತೆ ನೋಡುವರು: ಎಡದಿಂದ ಬಲಕ್ಕೆ ಒಂದು ಸಾಲು, ಕೊಂಚ ಕೆಳಗಿಳಿದು ಬಲದಿಂದ ಎಡಕ್ಕೆ ಇನ್ನೊಂದು. ಇಷ್ಟು ವರ್ಷ ಉತ್ತು ಉತ್ತು ಕುತ್ತಿಗೆಗೂ ಅದೇ ಲಯ ಅಂಟಿ, ಆಸ್ಪತ್ರೆಯ ಓಣಿಯಲ್ಲಿ ಅವರು ತಲೆ ತಗ್ಗಿಸಿ, ಆ ಗೋಡೆಯಿಂದ ಈ ಗೋಡೆಗೆ ದೃಷ್ಟಿ ಹಾಯಿಸುತ್ತ, ಎರಡು ಹೆಜ್ಜೆಗೊಮ್ಮೆ ನಿಂತು ಬರುವುದನ್ನು ನೋಡಿದವರು, ಪಾಪ, ಬಿದ್ದ ಉಂಗುರವನ್ನು ಹುಡುಕುತ್ತಿದ್ದಾರೆಂದು ತಾವೂ ಬಗ್ಗಿ ಹುಡುಕಿದ್ದುಂಟು.

ಎಲ್ಲಕ್ಕಿಂತ ಹಟದ್ದು ಅವರ ಕಿಟಕಿಯ ಅಭ್ಯಾಸ. ಯಾವ ಸ್ಲೈಡನ್ನೇ ಆಗಲಿ, ಮೈಕ್ರೋಸ್ಕೋಪಿಗೆ ಇಡುವ ಮೊದಲು, ಹೆಬ್ಬೆರಳು ತೋರುಬೆರಳುಗಳ ನಡುವೆ ಅಂಚು ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ, ಒಂದು ಕಣ್ಣು ಕಿರಿದು ಮಾಡಿ ನೋಡುವರು. ಬರಿಗಣ್ಣಿಗೆ ಅಲ್ಲಿ ಕಾಣುವುದಾದರೂ ಏನು, ಗಾಜಿನ ಮೇಲೆ ಬಣ್ಣದ ನಾಲ್ಕು ಚುಕ್ಕೆ. ಆದರೂ ಬಿಡರು. ವಿದ್ಯಾರ್ಥಿಗಳು ಅವರಿಗೆ ‘ಕಿಟಕಿ ಸಾರ್’ ಎಂದು ಹೆಸರಿಟ್ಟಿದ್ದರು.

ಹೀಗಿರುವಲ್ಲಿಗೆ ಸ್ಕ್ಯಾನರು ಬಂತು. ತಂದವನು ನಾನೇ. ಗಾಜುಗಳನ್ನು ಒಳಗಿಟ್ಟರೆ ಪ್ರತಿಯೊಂದರ ಚಿತ್ರ ತೆಗೆದು ಪರದೆಗೆ ಕಳಿಸುವ ಯಂತ್ರ. ಅದರ ಬೆನ್ನಿಗೇ, ಅನುಮಾನದ ಜಾಗಕ್ಕೆ ಕೆಂಪು ಗೆರೆ ಸುತ್ತುವ ಕೃತಕ ಬುದ್ಧಿ. ಅವರು ಕೂಗಾಡುವರೆಂದು ನಾನು ಉತ್ತರಗಳನ್ನು ಉರು ಹೊಡೆದು ಹೋಗಿದ್ದೆ, ಅವರು ಕೂಗಾಡಲಿಲ್ಲ. ತಮ್ಮ ಹಳೆಯ ಸ್ಲೈಡುಗಳಲ್ಲಿ ರೋಗವಿರುವ ಜಾಗಗಳಿಗೆ ತಾವೇ ಗುರುತು ಹಾಕಿ, ಮಗುವಿಗೆ ತುತ್ತು ಕೊಟ್ಟಂತೆ ಒಂದೊಂದಾಗಿ ಉಣಿಸಿ, ಒಂದು ವರ್ಷ ಅದಕ್ಕೆ ಪಾಠ ಹೇಳಿದರು. ನಡುನಡುವೆ ನನ್ನನ್ನು ಕೇಳುವರು: ‘ಸಾಹುಕಾರ್ರೇ, ಇದಕ್ಕೆ ಬೇಜಾರಾಗಲ್ವಾ?’

‘ಇಲ್ಲ ಡಾಕ್ಟ್ರೇ, ಅದೇ ಅದರ ವಿಶೇಷ.’

‘ಭಯ?’

‘ಅದೂ ಇಲ್ಲ.’

‘ಮತ್ತೆ ಹುಷಾರಾಗಿ ಹೇಗೆ ನೋಡುತ್ತೆ ಇದು?’

ನಾನು ಬೆಲೆಪಟ್ಟಿ ತೆಗೆದು ವಾರಂಟಿಯ ಪುಟ ತೋರಿಸಿದೆ. ಯಂತ್ರವನ್ನು ನಂಬಿದರೆ ಮೂರ್ಖತನ, ನಂಬದಿದ್ದರೆ ಇನ್ನೊಂದು ಬಗೆಯ ಮೂರ್ಖತನ ಎಂಬ ಎರಡು ಮೊಳೆಗಳ ನಡುವೆ ತೂಗುಹಾಕಿದ ಕೋಟಿನಂತೆ ಅವರ ಮನಸ್ಸು ಜೋಲುತ್ತಿತ್ತು.

ಗೊಂದಲ ಪೂರ್ತಿ ಹಣ್ಣಾದದ್ದು ಅವರ ಕೈಕೆಳಗೆ ಕಲಿಯುತ್ತಿದ್ದ ಹುಡುಗಿಯಿಂದ. ಅವಳ ವ್ಯಾಸಂಗ ಮುಗಿಯುತ್ತ ಬಂದಿತ್ತು. ಬೇರೊಂದು ಆಸ್ಪತ್ರೆಯಲ್ಲಿ ಕೆಲಸ ಕಾಯುತ್ತಿತ್ತು. ಅದಕ್ಕೆ ಬೇಕಾದ ಶಿಫಾರಸು ಪತ್ರದಲ್ಲಿ ‘ಸ್ವತಂತ್ರವಾಗಿ ವರದಿ ಕೊಡಲು ಶಕ್ತಳೇ?’ ಎಂಬ ಪ್ರಶ್ನೆಯ ಮುಂದೆ ಇವರ ರುಜುವೊಂದು ಬಾಕಿ. ಇವರು ಹಾಕುತ್ತಿರಲಿಲ್ಲ. ಒಮ್ಮೆ ನನ್ನೆದುರಿಗೇ ಪರೀಕ್ಷೆ ನಡೆಯಿತು.

‘ಏನು ನೋಡ್ದೆಯಮ್ಮ?’

‘ಕೋಶಗಳು ಕೆಟ್ಟಿವೆ ಸಾರ್.’

‘ಅದು ಕೆಂಪು ಗೆರೆ ಹೇಳಿದ್ದು. ನೀನೇನು ನೋಡ್ದೆ?’

‘ನಾನೂ ಅದನ್ನೇ ನೋಡ್ದೆ ಸಾರ್.’

‘ಗೆರೆ ಇಲ್ದಿದ್ರೆ?’

ಹುಡುಗಿ ಜಾಣೆ, ಬಾಯಿಗೆ ಬೀಗವಿಲ್ಲದವಳು. ‘ಗೆರೆ ಅಳಿಸಿದ್ರೂ ಎಲ್ಲಿತ್ತು ಅನ್ನೋದು ತಲೇಲಿ ಉಳಿಯುತ್ತಲ್ಲ ಸಾರ್. ನಿಮ್ಗೆ ಉಳಿಯಲ್ವಾ?’ ಎಂದಳು.

‘ಉಳಿಯಲ್ಲ,’ ಎಂದರು. ಆಮೇಲೆ ಪರದೆಯತ್ತ ಇನ್ನೊಮ್ಮೆ ಬಗ್ಗಿ, ‘ಉಳಿದ ಹಾಗಿದೆ.’

ಅವಳು ಹೋದ ಮೇಲೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳುವುದನ್ನು ಮರೆತು ಕೈಯಲ್ಲೇ ಹಿಡಿದು ಹೇಳಿದರು: ‘ಇವಳು ನೋಡ್ತಾಳೋ, ಬರೀ ಒಪ್ತಾಳೋ, ನಂಗೆ ಗೊತ್ತಾಗ್ತಿಲ್ಲ. ರುಜು ಹಾಕಿದ್ರೆ ನಾಳೆ ಒಬ್ಬಳೇ ಕೂತು ಯಾರದೋ ಹಣೆಬರಹ ಬರೀತಾಳೆ. ಹಾಕದಿದ್ರೆ ಆ ಕೆಲಸ ಕೈತಪ್ಪುತ್ತೆ. ನಾನು ಕಲಿಸಿದ್ದೇನು ಅಂತ ನಂಗೇ ಗೊತ್ತಿಲ್ಲದೆ ಅವಳು ಕಲಿತಳೋ ಇಲ್ಲವೋ ಅಂತ ಹೇಗೆ ಹೇಳಲಿ?’

ಅದಾಗಿ ಕೆಲವು ದಿನಗಳಿಗೆ ಸ್ಕ್ಯಾನರಿನ ತಟ್ಟೆ ಸಿಕ್ಕಿಕೊಂಡಿತೆಂದು ನನಗೆ ಕರೆ ಬಂತು. ನಾನು ಮೂಲೆಯಲ್ಲಿ ಕೂತು ಅದರ ಹಲ್ಲು ಬಿಡಿಸುತ್ತಿದ್ದಾಗ, ಅದು ಸಿಕ್ಕಿಕೊಳ್ಳುವ ಮೊದಲೇ ಚಿತ್ರ ತೆಗೆಸಿಕೊಂಡಿದ್ದ ಒಂದು ಸ್ಲೈಡು ಪರದೆಯ ಮೇಲೆ ತೆರೆದುಕೊಂಡಿತ್ತು. ಒಬ್ಬ ಬಡಗಿಯ ಹೊಟ್ಟೆಯ ಒಳಪದರದ ಚೂರುಗಳು. ಚಿತ್ರ ತೆರೆದುಕೊಳ್ಳುವುದೇ ಕೆಂಪು ಗೆರೆಯ ಒಳಗೆ. ಗೆರೆಯಾಚೆ ಗಾಜಿನ ಮೇಲಿರುವ ಊರು ಕೇರಿ ಕಾಣುವುದಿಲ್ಲ. ಫೋನಿನಲ್ಲಿ ಶಸ್ತ್ರವೈದ್ಯರು ಅವಸರಿಸುತ್ತಿದ್ದರು. ನಮ್ಮ ಡಾಕ್ಟರು ಪರದೆಯತ್ತ ಬಾಗಿ, ನೋಡಿ, ಪಕ್ಕದಲ್ಲಿದ್ದ ಹುಡುಗಿಗೆ ‘ಕ್ಯಾನ್ಸರು. ಬರಿಯಮ್ಮ,’ ಎಂದರು.

ನನ್ನ ಕೈಯ ಸ್ಕ್ರೂಡ್ರೈವರು ನಿಂತಿತು. ‘ಹಾಗಿದೆ’ ಇಲ್ಲ, ‘ಕಾಣುತ್ತೆ’ ಇಲ್ಲ. ಇಷ್ಟು ವರ್ಷದ ಪರಿಚಯದಲ್ಲಿ ಅವರ ಬಾಯಿಂದ ಬಾಲವಿಲ್ಲದ ತೀರ್ಪೊಂದು ಹೊರಟದ್ದು ಅದೇ ಮೊದಲು.

ಹುಡುಗಿ ಬರೆಯುವ ಮೊದಲು, ನಾನು ಯಂತ್ರದಿಂದ ತೆಗೆದಿಟ್ಟ ಗಾಜುಗಳನ್ನು ಜೋಡಿಸಲು ಎದ್ದಳು. ಆ ಬಡಗಿಯ ಸ್ಲೈಡು ಕೈಗೆ ಬಂದಾಗ ಕಿಟಕಿಗೆ ಎತ್ತಿ, ಒಂದು ಕಣ್ಣು ಕಿರಿದು ಮಾಡಿದಳು.

‘ಸಾರ್, ಐದು ಚೂರಿದೆ.’

‘ಇರಲಿ.’

‘ಚೀಟಿ ಪ್ರಕಾರ ಕಳಿಸಿದ್ದು ನಾಲ್ಕಂತೆ ಸಾರ್. ಐದನೇದು ಸಾಲಲ್ಲಿಲ್ಲ. ಅಂಚಿಗೆ ಹೋಗಿ ಬೇರೆ ಮನೆ ಮಾಡಿದೆ. ಬಣ್ಣಾನೂ ಬೇರೆ.’

ಡಾಕ್ಟರು ಎದ್ದು ಬಂದು ಗಾಜನ್ನು ಇಸಿದುಕೊಂಡರು. ಎತ್ತಿ ಹಿಡಿದವರು ಬಹಳ ಹೊತ್ತು ಇಳಿಸಲಿಲ್ಲ. ಮೇಣದಲ್ಲಿ ಹುದುಗಿಸಿದ ಚೂರನ್ನು ಎಳೆಯಷ್ಟು ತೆಳ್ಳಗೆ ಕೊಯ್ದು ಬಿಸಿನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟು, ಗಾಜಿನಲ್ಲಿ ಎತ್ತಿಕೊಳ್ಳುವುದು ಈ ಕಸುಬಿನ ರೀತಿ; ಹಿಂದಿನ ರೋಗಿಯ ಚೂರೊಂದು ತೊಟ್ಟಿಯಲ್ಲೇ ಉಳಿದು, ಮುಂದಿನವನ ಗಾಜಿಗೆ ಬಿಟ್ಟಿ ಸವಾರಿ ಮಾಡುವುದೂ ಅಪರೂಪಕ್ಕೆ ಉಂಟು. ಯಂತ್ರ ಸುಳ್ಳು ಹೇಳಿರಲಿಲ್ಲ. ಅಲ್ಲಿದ್ದದ್ದು ಕ್ಯಾನ್ಸರೇ, ಬಡಗಿಯದಲ್ಲ, ಅಷ್ಟೆ. ಬಡಗಿಯ ಮೇಣದಿಂದ ಹೊಸದಾಗಿ ಕೊಯ್ದು ನೋಡಿದರೆ ನಾಲ್ಕೇ ಚೂರು, ನಾಲ್ಕರಲ್ಲೂ ಬರೀ ಹುಣ್ಣು. ಐದನೆಯದು ಬೆಳಿಗ್ಗೆ ಕೊಯ್ದ ಇನ್ನೊಬ್ಬರ ಕರುಳಿನದು. ಆ ರೋಗಿಗೆ ತನ್ನ ಕ್ಯಾನ್ಸರಿನ ವಿಷಯ ಮೊದಲೇ ತಿಳಿದಿತ್ತು.

ಶಸ್ತ್ರವೈದ್ಯರಿಗೆ ಫೋನು ಮಾಡಿದ ಮೇಲೆ ಅವರು ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡರು.

‘ಕಿಟಕಿಗೆ ಹಿಡಿ ಅಂತ ನಾನು ಯಾವತ್ತಾದ್ರೂ ಹೇಳಿದೀನಾ?’

‘ಇಲ್ಲ ಸಾರ್.’

‘ಮತ್ತೆ ಯಾಕೆ ಹಿಡಿದೆ?’

ಹುಡುಗಿ ನನ್ನ ಕಡೆ ನೋಡಿದಳು. ನಾನು ಸ್ಕ್ಯಾನರಿನ ಕಡೆ ನೋಡಿದೆ. ‘ಬೈಯಬಾರದು ಸಾರ್. ಹಾಸ್ಟೆಲಲ್ಲಿ ನಿಮ್ಮನ್ನ ಅಣಕಿಸೋಕೆ ಲೋಟ, ತಟ್ಟೆ, ಬಾಚಣಿಗೆ, ಕೈಗೆ ಸಿಕ್ಕಿದ್ದನ್ನೆಲ್ಲ ಕಿಟಕಿಗೆ ಹಿಡೀತಿದ್ವಿ. ಎಲ್ಲರಿಗಿಂತ ಚೆನ್ನಾಗಿ ಮಾಡ್ತಿದ್ದೋಳು ನಾನೇ. ಅಭ್ಯಾಸ ಆಗ್ಹೋಯ್ತು.’

ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ‘ನಮ್ಮ ಮೇಷ್ಟ್ರು ಹಿಡೀತಿದ್ರು. ಯಾಕೆ ಅಂತ ನಾನೂ ಕೇಳ್ಲಿಲ್ಲ. ಧೂಳಿದೆಯಾ ಅಂತ ನೋಡೋಕೋ ಏನೋ,’ ಎಂದರು. ‘ಇವತ್ತು ನಾನ್ಯಾಕೆ ಹಿಡೀಲಿಲ್ಲ?’

ಪರದೆ ಎದುರಿಗಿದ್ದಾಗ ಗಾಜು ಕೈಗೇ ಬರುವುದಿಲ್ಲವೆಂದು ನಾನು ಹೇಳಬಹುದಿತ್ತು. ಯಂತ್ರ ಮಾರಿದವನು ಆ ಮಾತು ಆಡಬಾರದೆಂಬ ವ್ಯಾಪಾರಧರ್ಮ ಅಡ್ಡಬಂತು.

ಆ ಸಂಜೆಯೇ ಅವರು ಶಿಫಾರಸಿನಲ್ಲಿ ಬರೆದರು: ‘ಶಕ್ತಳೆಂದು ಕಾಣುತ್ತದೆ.’ ಕಚೇರಿಯ ಗುಮಾಸ್ತೆ ಮರುದಿನ ಅದನ್ನು ಹಿಂದಕ್ಕೆ ತಂದಳು: ‘ಡಾಕ್ಟ್ರೇ, ಹೌದು ಇಲ್ಲ ಎರಡೇ ಇರೋದು. ಕಾಣುತ್ತೆ ಅನ್ನೋದು ನಮ್ಮಲ್ಲಿ ಇಲ್ಲ.’ ಅವರು ಹಾಳೆಯನ್ನು ಹಿಡಿದು ಕಿಟಕಿಯ ಬಳಿ ಹೋಗಿ, ಬೆಳಕಿಗೆ ಎತ್ತಿ, ಅದರಲ್ಲಿ ಯಾವ ಚೂರು ಯಾರದೆಂದು ವಿಂಗಡಿಸುವವರಂತೆ ನಿಂತರು. ತಿರುಗಿ ಬಂದು ‘ಹೌದು’ ಎಂದು ಬರೆದರು. ಬರೆದು, ಹುಡುಗಿಗೆ ಹೇಳಿದರಂತೆ: ‘ಹೋಗೋ ತನಕ ನನ್ನ ಸ್ಲೈಡುಗಳನ್ನೂ ಒಂದ್ಸಲ ಹಿಡಿದು ನೋಡಮ್ಮ.’

ಮುಂದಿನ ಆವೃತ್ತಿಯಲ್ಲಿ ಅಂಚಿನ ಚೂರನ್ನೂ ಯಂತ್ರವೇ ಪತ್ತೆಹಚ್ಚುತ್ತದೆಂದು ಕಂಪನಿಯವರು ನನಗೆ ತಿಳಿಸಿದ್ದಾರೆ. ಅದನ್ನು ಅವರ ಕಿವಿಗೆ ಹಾಕಿದಾಗ ‘ಒಳ್ಳೇದೇ ಆಯ್ತು’ ಎಂದರು. ಬಾಗಿಲ ತನಕ ಬಂದು, ‘ಆದ ಹಾಗಿದೆ’ ಎಂದು ಸೇರಿಸಿದರು.

ಗುರುಗಳೆಂಬ ಈ ಜಾತಿಯ ಜನರ ಸಂಗತಿಯೇ ವಿಚಿತ್ರ. ತಮ್ಮಲ್ಲಿರುವ ಸರಕು ಯಾವುದು, ಅದನ್ನು ಕಟ್ಟಿದ ದಾರ ಯಾವುದು ಎಂದು ತಿಳಿಯದ ಅಂಗಡಿಕಾರರು ಇವರು. ವಿದ್ಯೆಯೆಂದು ತೂಗಿ ಕೊಟ್ಟದ್ದನ್ನು ಯಂತ್ರ ಕೊಂಡೊಯ್ಯುತ್ತದೆ. ತೂಗದೆ, ತಿಳಿಯದೆ, ಕೈತಪ್ಪಿ ಬಿದ್ದದ್ದನ್ನು ಅಣಕಿಸಲು ಬಂದ ಶಿಷ್ಯೆ ಹೆಕ್ಕಿಕೊಳ್ಳುತ್ತಾಳೆ. ಯಾವುದು ಉಳಿಯುವ ಸರಕೆಂದು ನನ್ನಂಥ ಹಳೆಯ ವ್ಯಾಪಾರಿಯನ್ನು ಕೇಳಿದರೆ, ನಾನೂ ಈಗ ಕಿಟಕಿಯ ಕಡೆಗೇ ತಿರುಗುತ್ತೇನೆ.