ಭಾನುವಾರದ ಅರ್ಧ ಗಂಟೆ

ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದಾಗ, ಮೂಳೆ ಟೊಳ್ಳಾಗುತ್ತಿದೆ ಎಂದು ಡಾಕ್ಟರು ನನಗೆ ವಾರಕ್ಕೊಂದು ಮಾತ್ರೆ ಬರೆದುಕೊಟ್ಟರು. ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ದೊಡ್ಡ ಲೋಟದ ತುಂಬ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ತಿನ್ನುವಂತಿಲ್ಲ, ಮಲಗುವಂತಿಲ್ಲ, ಬಗ್ಗುವಂತಿಲ್ಲ. ಮಾತ್ರೆ ಗಂಟಲಲ್ಲೇ ನಿಂತರೆ ಅನ್ನನಾಳ ಹುಣ್ಣಾದೀತು.

ಹೊಲಿಗೆ ಯಂತ್ರದ ಮುಂದೆ, ಒಲೆಯ ಮುಂದೆ, ಮಂಚದಡಿ ಸೇರಿದ ಯಾರದೋ ಕಾಲುಚೀಲದ ಮುಂದೆ ಇಪ್ಪತ್ತು ವರ್ಷ ಬಗ್ಗಿಯೇ ಇದ್ದವಳು ನಾನು. ಬಗ್ಗಬೇಡ ಎಂದು ಯಾರೂ ಹೇಳಿರಲಿಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಮಹಾರಾಣಿಯ ಹಾಗೆ ನೆಟ್ಟಗೆ ಕೂತೆ. ಗಂಡ ಕಾಫಿ ಮಾಡಲು ಕಲಿತರು. ಮೊದಮೊದಲು ಅದು ಕಾಫಿಯೋ ಪಾತ್ರೆ ತೊಳೆದ ನೀರೋ ಎಂದು ಅವರನ್ನು ಹೆತ್ತ ತಾಯಿಗೇ, ನಮ್ಮತ್ತೆಗೇ, ಅನುಮಾನ. ಮಾತ್ರೆಯಿಂದ ನನಗೆ ಎದೆ ಉರಿಯುತ್ತಿತ್ತು, ಹುಳಿತೇಗು ಬರುತ್ತಿತ್ತು. ಬರಲಿ ಬಿಡು ಎನ್ನುತ್ತಿದ್ದೆ.

ಐದು ವರ್ಷ ಕಳೆಯಿತು. ಹೊಸ ಸ್ಕ್ಯಾನ್ ನೋಡಿದ ಡಾಕ್ಟರು, "ಮೂಳೆ ಗಟ್ಟಿಯಾಗಿದೆಯಮ್ಮ, ಸದ್ಯಕ್ಕೆ ಮಾತ್ರೆ ನಿಲ್ಲಿಸೋಣ" ಎಂದರು. ಸಿಹಿ ಸುದ್ದಿ ಕೇಳಿ ನನ್ನ ಮುಖ ಹುಳ್ಳಗಾಯಿತು. ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಭಾನುವಾರ ಬರೀ ನೀರು ಕುಡಿದು ಕುರ್ಚಿಯಲ್ಲಿ ಕೂತೆ. ಮುಂದಿನ ಭಾನುವಾರವೂ ಅಷ್ಟೇ.

ನಾಲ್ಕನೆಯ ಭಾನುವಾರ ಅತ್ತೆ ಎದುರಿಗೆ ಬಂದು ನಿಂತರು.

"ಏನೇ, ಈಚೆಗೆ ತೇಗೇ ಇಲ್ಲ?"

"ಒಗ್ಗಿಹೋಗಿದೆ ಅತ್ತೆ."

"ಐದು ವರ್ಷ ಒಗ್ಗದ್ದು ಈಗ ಒಗ್ತಾ? ಎದೆ ತಿಕ್ಕೊಳ್ಳೋದೂ ಮರೆತಿದೀಯ. ಮಾತ್ರೆ ಯಾವಾಗ ನಿಲ್ಲಿಸಿದ್ರು?"

"ಹೋದ ತಿಂಗಳು" ಎಂದೆ. ಈ ಕುರ್ಚಿಯ ಋಣ ಇವತ್ತಿಗೆ ತೀರಿತು ಎಂದುಕೊಂಡು ಏಳಹೊರಟೆ. ಅತ್ತೆ ನನ್ನ ಭುಜ ಒತ್ತಿ ಕೂರಿಸಿದರು.

"ಕೂತ್ಕೋ. ಇನ್ನೂ ಅರ್ಧ ಗಂಟೆ ಆಗಿಲ್ಲ."

ಒಳಗೆ ಹೋಗಿ ಒಂದು ಲೋಟ ನೀರು ತಂದರು. ಇನ್ನೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ನೆಟ್ಟಗೆ ಕೂತರು. ಅಡುಗೆಮನೆಯಿಂದ ನನ್ನ ಗಂಡನ ದನಿ ಬಂತು. "ಅಮ್ಮಾ, ಸಕ್ಕರೆ ಡಬ್ಬಿ ಎಲ್ಲಿದೆ?"

"ಹುಡುಕ್ಕೋಪ್ಪ. ಇನ್ಮೇಲೆ ನಾನೂ ಅರ್ಧ ಗಂಟೆ ಬಗ್ಗೋ ಹಾಗಿಲ್ಲ."

ಲೋಟ ಖಾಲಿ ಮಾಡಿ, ಸೆರಗಲ್ಲಿ ಬಾಯಿ ಒರೆಸಿಕೊಂಡು, ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಲು ಹೋಗಿ, ನೆನಪಾಗಿ ಮತ್ತೆ ನೆಟ್ಟಗಾದರು.

"ಆ ತೇಗು ಹೇಗೆ ಬರ್ತಿತ್ತು, ಒಂದ್ಸಲ ತೋರಿಸ್ಕೊಡು. ಇಬ್ಬರಲ್ಲಿ ಒಬ್ಬರಾದ್ರೂ ತೇಗಬೇಕಲ್ಲ."