ಮೂರನೇ ಸುರುಳಿ

ಪಾರ್ಕ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ರವಿರಾಜನ ಉಡುಪಿ ಹೋಟೆಲು. ದುರ್ಗಾಪೂಜೆಗೆ ಬರುವ ಜನರನ್ನು ಸೆಳೆಯಲೆಂದು ಅವನು ಬಾಗಿಲ ಸುತ್ತ ಎಲ್‌ಇಡಿ ಪಟ್ಟಿ ಹಾಕಿಸಿದ್ದ. ಒಂದು ಕರೆಂಟಿನ ಡಬ್ಬಿ, ಅದಕ್ಕೆ ಎರಡು ಸುರುಳಿ. "ಡಬ್ಬಿ ಕೊಡುವುದು ಐದು ಆಂಪ್. ಒಂದೊಂದು ಸುರುಳಿಯೂ ಎರಡು ಎಳೆಯುತ್ತದೆ. ಇನ್ನು ಸೇರಿಸಬೇಡಿ, ಡಬ್ಬಿಗೆ ಗಾಳಿ ಆಡಲಿ" ಎಂದು ಲೈಟಿನವನು ಹಿಂದಿಯಲ್ಲಿ ಹೇಳಿ ಹೋಗಿದ್ದ. ರವಿರಾಜನ ಅಕ್ಕನ ಮಗಳು ಸಿಂಧೂರ ಚಟ್ನಿ ಬಡಿಸುತ್ತಲೇ ಅದನ್ನು ಕೇಳಿಸಿಕೊಂಡಿದ್ದಳು.

ಮಿಕ್ಕಿದ್ದ ಮೂರನೇ ಸುರುಳಿ ಮಾವನ ಕಣ್ಣಿಗೆ ಬಿತ್ತು. ಅದನ್ನೂ ತುದಿಗೆ ಜೋಡಿಸಿದ. ಕಾವಲಿಯ ಎಣ್ಣೆಹಬೆ ತಾಗಬಾರದೆಂದು ಗಡಿಯಾರಕ್ಕೆ, ರೇಡಿಯೋಕ್ಕೆ ಮಾಡುವಂತೆ ಡಬ್ಬಿಗೂ ಪ್ಲಾಸ್ಟಿಕ್ ಸುತ್ತಿ, ಅಟ್ಟದ ಹಲಗೆಯ ಅಡಿಗೆ ಬಿಗಿದ. ಅಟ್ಟದ ಮೇಲೆ ಅವನ ಪುಟ್ಟ ಮಗಳು ಅಕ್ಷರಾ ಜ್ವರದಲ್ಲಿ ಮಲಗಿದ್ದಳು.

ಸಂಜೆ ಹೋಟೆಲು ತುಂಬಿತು. ಸಿಂಧೂರಳ ಕಣ್ಣು ಮಾತ್ರ ಪಟ್ಟಿಯ ತುದಿಯಲ್ಲೇ. ಬಿಳಿ ಬೆಳಕು ಅಲ್ಲಿ ಹಳದಿಗೆ ತಿರುಗಿ ಮಂಕಾಗಿತ್ತು. ಆಮೇಲೆ ಮೂಗಿಗೆ ಒಂದು ವಾಸನೆ. ದೋಸೆಯದಲ್ಲ, ಸೀದ ಒಗ್ಗರಣೆಯದೂ ಅಲ್ಲ.

"ಮಾವ, ಆ ಡಬ್ಬಿ..." ಸಿಂಧೂರ ಮೆಲ್ಲಗೆ ಅತ್ತ ಬೆರಳು ತೋರಿಸಿದಳು.

"ಎಂತ ಮಾರಾಯ್ತಿ? ಹನ್ನೆರಡು ವೋಲ್ಟು ಅದು, ಮುಟ್ಟಿದರೂ ಶಾಕ್ ಹೊಡೆಯುವುದಿಲ್ಲ. ನಿನಗೆ ಜಿರಳೆ ಕಂಡರೂ ಹೆದರಿಕೆ!" ಮಾವ ನಕ್ಕ. ಗಿರಾಕಿಗಳೂ ತಿರುಗಿ ನೋಡಿದರು. ಅವಳು ತಲೆ ತಗ್ಗಿಸಿ ಸಾಂಬಾರಿನ ಬಕೆಟು ಎತ್ತಿಕೊಂಡಳು.

ಆದರೂ ಹೋಗುತ್ತಾ ಹಲಗೆಗೆ ಅಂಗೈ ಒತ್ತಿದಳು. ಚುರ್ರೆಂದಿತು. ಮೇಲಿನಿಂದ ಅಕ್ಷರಾ ಕೆಮ್ಮಿದಳು.

ಸಿಂಧೂರ ಮೇಲೆ ನೋಡಿದಳು. ಎಲ್ಲರೂ ನೋಡುತ್ತಾರೆ, ಮಾವ ಬೈಯುತ್ತಾನೆ. ಮತ್ತೆ ಕೆಮ್ಮು. ಬಕೆಟನ್ನು ನೆಲಕ್ಕೆ ಕುಕ್ಕಿ ಓಡಿಹೋಗಿ ಮೇನ್ ಸ್ವಿಚ್ ಎಳೆದಳು.

ಕತ್ತಲು. "ಕೀ ಹೋಲೋ?" ಏನಾಯಿತೆಂದು ಯಾರೋ ಬಂಗಾಳಿಯಲ್ಲಿ ಕೂಗಿದರು. "ಯಾರದು ಆಫ್ ಮಾಡಿದ್ದು?" ಮಾವ ಗುಡುಗಿದ.

"ನಾನು! ಅಕ್ಷರಾ ಮೇಲಿದ್ದಾಳೆ, ಹಲಗೆ ಸುಡ್ತಾ ಉಂಟು!" ಅಷ್ಟು ದೊಡ್ಡ ಸ್ವರ ತನ್ನದೇ ಎಂದು ಅವಳಿಗೆ ಗೊತ್ತಾಗಲಿಲ್ಲ.

ರವಿರಾಜ ಮೊಬೈಲಿನ ಬೆಳಕು ಬಿಟ್ಟ. ಪ್ಲಾಸ್ಟಿಕ್ ಕರಗಿ ಡಬ್ಬಿಗೆ ಅಂಟಿತ್ತು. ಹಲಗೆಯ ಅಡಿಯಲ್ಲಿ ಡಬ್ಬಿಯ ಸುತ್ತ ಕಪ್ಪು ಗುರುತು, ಅದರಿಂದ ತೆಳ್ಳಗೆ ಹೊಗೆ. ಅವನು ಏಣಿ ಹತ್ತಿ, ಮಗಳನ್ನು ಹೆಗಲಿಗೆ ಹಾಕಿಕೊಂಡು ಇಳಿದ. ವೈರು ಕಿತ್ತ. ಹಲಗೆಗೆ ನೀರು ಹೊಯ್ದ.

"ಈಗ ಸ್ವಿಚ್ ಹಾಕು ಮಗಾ," ಎಂದ, ಮೆಲ್ಲಗೆ. "ಇವತ್ತು ಟ್ಯೂಬ್‌ಲೈಟೇ ಸಾಕು."

ಸಿಂಧೂರ ತಕ್ಷಣ ಹಾಕಲಿಲ್ಲ. ಕಿತ್ತ ವೈರಿನ ತುದಿ ಎಲ್ಲಿಗೂ ತಾಗಿಲ್ಲವೆಂದು ತಾನೇ ಬಂದು ನೋಡಿ, ಆಮೇಲೆ ಹಾಕಿದಳು.